ತಿಂಗಳ ಬಡ್ಡಿಗೆ ಟಿಕ್ ಹಾಕಿಸುವ ಮುಂಚೆ ಲೆಕ್ಕ ತೋರಿಸಿ

ಮಾನ್ಯ ಸಂಪಾದಕರೇ,

ಬ್ಯಾಂಕಿನ ಎಫ್‌ಡಿ ಅರ್ಜಿಯಲ್ಲಿ ಒಂದು ಸಣ್ಣ ಸಾಲು ಇರುತ್ತದೆ. ಬಡ್ಡಿ ತಿಂಗಳಿಗೊಮ್ಮೆ ಬೇಕಾ, ಮೂರು ತಿಂಗಳಿಗೊಮ್ಮೆ ಬೇಕಾ, ಇಲ್ಲಾ ಅವಧಿ ಮುಗಿದ ಮೇಲೆ ಅಸಲಿನ ಜೊತೆ ಒಟ್ಟಿಗೇ ಬೇಕಾ ಅಂತ. ಬಹಳ ಜನ ಸುಮ್ನೆ ಮೊದಲನೆಯದಕ್ಕೆ ಟಿಕ್ ಹಾಕಿಬಿಡುತ್ತಾರೆ, ಅಥವಾ ಕೌಂಟರಿನಲ್ಲಿ ಕೂತವರೇ ಹಾಕಿ ಸಹಿ ಮಾಡಿಸಿಕೊಳ್ಳುತ್ತಾರೆ. ಆ ಒಂದು ಗುರುತಿನಿಂದ ಎಷ್ಟು ದುಡ್ಡು ಕೈಬಿಟ್ಟು ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ನಿವೃತ್ತಿಯ ಗ್ರಾಚ್ಯುಟಿಯೋ, ಜಮೀನು ಹೆದ್ದಾರಿಗೆ ಹೋದಾಗ ಬಂದ ಪರಿಹಾರವೋ, 10 ಲಕ್ಷದ ಇಡಿಗಂಟು ಕೈಗೆ ಬಂತು ಅಂದುಕೊಳ್ಳಿ. ಬಡ್ಡಿ ಶೇ 7. ತಿಂಗಳ ಬಡ್ಡಿ ಕೇಳಿದರೆ ಸುಮಾರು 5,800 ರೂಪಾಯಿ ಬರುತ್ತದೆ. ಲೆಕ್ಕದ ಪ್ರಕಾರ 5,833 ಬರಬೇಕಲ್ವಾ? ಮೂರು ತಿಂಗಳಿಗೊಮ್ಮೆ ಕೊಡಬೇಕಾದದ್ದನ್ನು ಮೊದಲೇ ಕೊಡುತ್ತೇವೆಂದು ಬ್ಯಾಂಕು ಅಷ್ಟು ಮುರಿದುಕೊಳ್ಳುತ್ತದೆ. ಹತ್ತು ವರ್ಷ ಕಳೆದರೂ ಅಸಲು ಅದೇ 10 ಲಕ್ಷ. ಬಡ್ಡಿ ಮುಟ್ಟದೆ ಬಿಟ್ಟರೆ ಅದು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿ, ಸೇರಿದ್ದಕ್ಕೂ ಬಡ್ಡಿ ಹುಟ್ಟಿ, ಹತ್ತು ವರ್ಷಕ್ಕೆ 20,01,597 ರೂಪಾಯಿ ಆಗಿರುತ್ತದೆ.

ಇದರ ಒಳಗೆ ಇನ್ನೂ ಸ್ವಲ್ಪ ನೋಡಬೇಕು. ಮೊದಲ ವರ್ಷ ಹುಟ್ಟುವ ಬಡ್ಡಿ 71,859. ಹತ್ತನೇ ವರ್ಷ ಒಂದರಲ್ಲೇ 1,34,190. ದರ ಅದೇ, ನೀವು ಹೊಸದಾಗಿ ಒಂದು ರೂಪಾಯಿಯನ್ನೂ ಹಾಕಿಲ್ಲ. ಮೊದಲ ಐದು ವರ್ಷದಲ್ಲಿ ಸುಮಾರು 4.15 ಲಕ್ಷ ಬಂದರೆ ಮುಂದಿನ ಐದು ವರ್ಷದಲ್ಲಿ 5.87 ಲಕ್ಷ ಬರುತ್ತದೆ. ನಮ್ಮ ಜನ ನಾಲ್ಕೈದು ವರ್ಷ ಕಾದು, ಯಾವುದೋ ಮದುವೆಗೋ ಕಾರಿಗೋ ಎಫ್‌ಡಿ ಮುರಿಸುತ್ತಾರೆ, ಅವಧಿಗೆ ಮುಂಚೆ ಮುರಿಸಿದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಕಡಿತವನ್ನೂ ಮಾಡುತ್ತದೆ, ಚಕ್ರಬಡ್ಡಿ ನಿಜವಾಗಿ ಓಡಲು ಶುರು ಮಾಡುವ ಹೊತ್ತಿಗೆ ಗಂಟು ಖಾಲಿ.

ತಿಂಗಳ ಬಡ್ಡಿಯಿಂದಲೇ ಮನೆ ನಡೆಯಬೇಕಾದವರ ಮಾತು ಬೇರೆ. ಅವರು ತೆಗೆಯಲೇಬೇಕು. ನನ್ನ ಸಂಕಟ ಬೇರೆಯವರ ಬಗ್ಗೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಪಿಂಚಣಿ ಬರುತ್ತದೆ, ಮಕ್ಕಳು ದುಡಿಯುತ್ತಾರೆ. ಅವರ ಪಾಸ್‌ಬುಕ್ ನೋಡಿದೆ. ಪುಟದ ಉದ್ದಕ್ಕೂ ತಿಂಗಳು ತಿಂಗಳೂ ಬಡ್ಡಿ ಜಮಾ ಆದ ಸಾಲು, ತೆಗೆದ ಕಾಲಮ್ ಹೆಚ್ಚುಕಮ್ಮಿ ಖಾಲಿ. ಶೇ 7ರಲ್ಲಿ ಬೆಳೆಯಬೇಕಾದ ಹಣ ಎಸ್‌ಬಿ (ಉಳಿತಾಯ) ಖಾತೆಯಲ್ಲಿ ಶೇ 3ಕ್ಕಿಂತ ಕಡಿಮೆಗೆ ಕೂತಿದೆ. ಯಾಕೆ ಸಾರ್ ಹೀಗೆ ಅಂದರೆ, "ಬ್ಯಾಂಕಿನವರೇ ಬರೆದುಕೊಂಡರು, ನಾನು ಸಹಿ ಹಾಕಿದೆ" ಅಂದರು.

ಗೋಡೆಯ ಪೋಸ್ಟರಿನ ಬಗ್ಗೆಯೂ ಹೇಳಬೇಕು. "ಐದು ವರ್ಷಕ್ಕೆ ಇಳುವರಿ ಶೇ 8.3" ಅಂತ ದೊಡ್ಡದಾಗಿ ಬರೆದಿರುವುದನ್ನು ನೋಡಿದ್ದೇನೆ. ಶೇ 7ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ 1,41,478 ಆಗುತ್ತದೆ. ಆ ಹೆಚ್ಚುವರಿ 41,478 ಅನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 8,300, ಅಂದರೆ ಲಕ್ಷಕ್ಕೆ ಶೇ 8.3 ಸಿಗುತ್ತದೆ, ಅಷ್ಟೇ. ವರ್ಷಕ್ಕೆ ನಿಜವಾಗಿ ಸಿಗುವುದು ಶೇ 7.19. ಇದು ತಪ್ಪು ದಾರಿಗೆ ಎಳೆಯುವ ಜಾಹೀರಾತು.

ಹಾಗಂತ ಬಡ್ಡಿ ಬಿಟ್ಟುಬಿಡಿ ಅಂತ ಕಣ್ಣು ಮುಚ್ಚಿ ಹೇಳಲೂ ಆಗುವುದಿಲ್ಲ. ಕೈಗೆ ಬರದಿದ್ದರೂ ಆ ಬಡ್ಡಿ ವರ್ಷ ವರ್ಷವೂ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಟಿಡಿಎಸ್ (ಬ್ಯಾಂಕೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾದರೆ ಮೇಲಿನ ಮೊತ್ತವೂ ಅಷ್ಟು ಇಳಿಯುತ್ತದೆ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ, ಅದು ಅಸಲು ಬಡ್ಡಿ ಎರಡೂ ಸೇರಿ. ಬೆಳೆಯುವ ಎಫ್‌ಡಿ ಮಾಡುವವರು ಇದನ್ನು ಮರೆಯಬಾರದು. ಐದು ಲಕ್ಷವನ್ನೇ ಇಟ್ಟರೆ ಮೊದಲ ಬಡ್ಡಿ ಸೇರಿದ ದಿನದಿಂದಲೇ ಮೇಲಿನದ್ದು ವಿಮೆಯ ಹೊರಗೆ. ಬೇರೆ ಠೇವಣಿ ಇಲ್ಲದ ಬ್ಯಾಂಕಿನಲ್ಲಿ ಮೂರೂವರೆ ಲಕ್ಷ ಇಟ್ಟರೆ ಐದು ವರ್ಷಕ್ಕೆ 4,95,172 ಆಗುತ್ತದೆ, ಪೂರ್ತಿ ಒಳಗೇ ಇರುತ್ತದೆ. ಸಹಕಾರಿ ಬ್ಯಾಂಕು ಮುಳುಗಿ ಬೀದಿಗೆ ಬಂದವರನ್ನು ನಮ್ಮ ರಾಜ್ಯದಲ್ಲೇ ನೋಡಿದ್ದೇವಲ್ಲ.

ಬ್ಯಾಂಕಿನವರಿಗೆ ನನ್ನ ಕೇಳಿಕೆ ಒಂದೇ. ಅರ್ಜಿಯಲ್ಲಿ ಟಿಕ್ ಹಾಕುವ ಜಾಗದ ಪಕ್ಕದಲ್ಲೇ ಎರಡು ಮೊತ್ತ ಬರೆದು ಕೊಡಿ: ಬಡ್ಡಿ ತೆಗೆದರೆ ಕೊನೆಗೆ ಇಷ್ಟು, ಬಿಟ್ಟರೆ ಇಷ್ಟು. ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಗೆ. ಕಂಪ್ಯೂಟರಿಗೆ ಇದು ಒಂದು ಕ್ಷಣದ ಕೆಲಸ. ಅಲ್ಲಿಯವರೆಗೆ ನಿಮ್ಮ ಪತ್ರಿಕೆಯ ಹಣಕಾಸು ಪುಟದಲ್ಲಾದರೂ ಒಂದು ಲಕ್ಷಕ್ಕೆ 5, 10, 20 ವರ್ಷದ ಪಟ್ಟಿಯನ್ನು ಬೇರೆ ಬೇರೆ ದರಕ್ಕೆ ಹಾಕಿ. ಕತ್ತರಿಸಿ ಬ್ಯಾಂಕಿಗೆ ಒಯ್ಯಲು ಜನಕ್ಕೆ ಆಗುತ್ತದೆ.

ಇಂತಿ,
ನಿಮ್ಮ ಓದುಗ, ದಾವಣಗೆರೆ