ಗೋಬಿಗೆ ಬಣ್ಣ ಬೇಕೇ ಬೇಕೆಂದರೆ

ಸಂಪಾದಕರೇ,

2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದಿತು, ಜೂನ್‌ನಲ್ಲಿ ಕಬಾಬ್‌ಗೂ ಅದೇ ಆಯಿತು. ಒಳ್ಳೆಯದೇ. ಆದರೆ ಗಾಡಿಯವರು ಬದಲಿಗೆ ಏನು ಹಾಕಬೇಕು? ಬೀಟ್‌ರೂಟ್ ಹಾಕಿ ಎಂದು ಸುಮ್ನೆ ಹೇಳಿಬಿಡುತ್ತಾರೆ. ಹಿಟ್ಟು ಕಲಸಿಟ್ಟಾಗ ಚೆಂದದ ಕೆಂಪು, ಕಾದ ಎಣ್ಣೆಗೆ ಬಿಟ್ಟರೆ ಕಂದು, ಯಾಕೆಂದರೆ ಆ ಬಣ್ಣ ಅಷ್ಟು ಬಿಸಿ ತಡೆಯುವುದಿಲ್ಲ. ಅರಿಸಿನ ಬಿಸಿಗೆ ಅಷ್ಟು ಹೆದರುವುದಿಲ್ಲ, ಆದರೆ ಬೆಳಕಿಗೆ ಮಾಸುತ್ತದೆ, ಸೋಡಾ ಜಾಸ್ತಿಯಾದರೆ ಕೆಂಪಗೆ ತಿರುಗುತ್ತದೆ. ಪುನರ್ಪುಳಿ ಶರಬತ್ತಿಗೆ ಸರಿ, ಅದರ ಹುಳಿಯೇ ಬಣ್ಣ ಕಾಯುತ್ತದೆ.

ಕರಿಯುವುದಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ವಾಸಿ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದೂ ಎಣ್ಣೆಯಲ್ಲೇ ಬಿಡುವ ಬಣ್ಣ. ಇದಕ್ಕೂ ಗಾಳಿ ಬೆಳಕು ಆಗುವುದಿಲ್ಲ, ವ್ಯಾಪಾರಿಗಳು ಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದು ಸುಮ್ಮನೆ ಅಲ್ಲ. ಪುಡಿಯನ್ನು ಗಾಜಿನ ಬಾಟಲಿಗೆ ತುಂಬಿ ಗಾಡಿ ಮುಂದೆ ಬಿಸಿಲಿಗಿಟ್ಟರೆ ಪೇಲವವಾಗದೆ ಇನ್ನೇನು? ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿ ಸಾಕು, ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಸಿಕೊಳ್ಳಲಿ.

ಅಧಿಕಾರಿಗಳು ದಂಡ ಹಾಕುವುದರ ಜೊತೆಗೆ ಇಷ್ಟನ್ನು ಗಾಡಿ ಹತ್ತಿರ ನಿಂತು ಹೇಳಿಕೊಡಬಹುದಲ್ವಾ? ಹಾಗೆಯೇ ಕೆಂಪಗಿಲ್ಲ ಎಂದು ತಟ್ಟೆ ವಾಪಸ್ ಕೊಡುವವರೂ ಸ್ವಲ್ಪ ಸುಧಾರಿಸಲಿ.

ಒಬ್ಬ ಓದುಗ, ಹಾವೇರಿ