ರಜೆಯಲ್ಲೇ ಎಳ್ಳು-ಬೆಲ್ಲ ಹೆಚ್ಚೋಣ

ಆತ್ಮೀಯ ಸದಸ್ಯರೇ,

ಶಾಲೆಗಳಿಗೆ ರಜೆ ಬಿದ್ದಿದೆ. ಚಿಕಾಗೋದಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿದೆ, ಹೊರಗೆ ಕಾಲಿಡಲಾಗದಷ್ಟು ಚಳಿ. ಸಂಕ್ರಾಂತಿಗೆ ಇನ್ನೂ ಸಮಯವಿದೆಯಲ್ಲ ಎಂದುಕೊಂಡವರಲ್ಲಿ ನನ್ನದೊಂದು ಕೋರಿಕೆ. ಹಬ್ಬದ ಅರ್ಧ ಕೆಲಸ ಈ ರಜೆಯಲ್ಲೇ ಮುಗಿಯಲಿ, ಅದೂ ಮಕ್ಕಳ ಕೈಯಿಂದ.

ಜನವರಿ 14 ಅಥವಾ 15 ಇಲ್ಲಿ ಹೆಚ್ಚಾಗಿ ವಾರದ ನಡುವೆ ಬೀಳುತ್ತದೆ. ಮಕ್ಕಳಿಗೆ ಶಾಲೆ, ನಮಗೆ ಆಫೀಸು, ನಮ್ಮ ಕನ್ನಡ ಕೂಟದ ಕಾರ್ಯಕ್ರಮ ಮುಂದಿನ ಶನಿವಾರ. ಹಾಗಾಗಿ ಎಷ್ಟೋ ಮನೆಗಳಲ್ಲಿ ಎಳ್ಳು-ಬೆಲ್ಲವೆಂದರೆ ಊರಿಂದ ಬಂದವರ ಸೂಟ್‌ಕೇಸಿನಲ್ಲಿ ಬಂದ ಪೊಟ್ಟಣ. ಅದೂ ರುಚಿಯೇ. ಆದರೆ ನಾವೆಲ್ಲ ಈ ಹಬ್ಬವನ್ನು ಕಲಿತದ್ದು ಅಜ್ಜಿಯ ಎದುರು ಕೂತು, ಬಾಯಿಗೆ ಹಾಕಿಕೊಂಡಷ್ಟು ಹಾಕಿಕೊಂಡು, ಉಳಿದದ್ದನ್ನು ತಟ್ಟೆಗೆ ಹಾಕುತ್ತಾ. ನಮ್ಮ ಅಪ್ಪ ಅಮ್ಮಂದಿರು ಇಲ್ಲಿಯ ಚಳಿಗೆ ಹೆದರಿ ಬೇಸಿಗೆಯಲ್ಲೇ ಬಂದು ಹೋಗುತ್ತಾರೆ. ಅಜ್ಜಿಯ ಸಂಕ್ರಾಂತಿಯನ್ನು ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಕಂಡೇ ಇಲ್ಲ. ಇಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಬೆಳಗ್ಗೆ ಏಳೂವರೆ. ವಿಡಿಯೋ ಕರೆ ಮಾಡಿ ಫೋನನ್ನು ಅಡುಗೆಮನೆ ಕಟ್ಟೆಯ ಮೇಲೆ ನಿಲ್ಲಿಸಿ. ಕೊಬ್ಬರಿ ಎಷ್ಟು ಸಣ್ಣಗಿರಬೇಕೆಂದು ಅಜ್ಜಿಯೇ ಹೇಳಲಿ.

ಒಣಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಬೇಕು. ಅಚ್ಚುಬೆಲ್ಲವನ್ನು ಅಡಕೆ ಕತ್ತರಿಯಲ್ಲಿ ಕತ್ತರಿಸುವುದು ದೊಡ್ಡವರ ಕೆಲಸ. ಊರಿನಲ್ಲಾದರೆ ಇವೆರಡನ್ನೂ ಬಿಸಿಲಿಗೆ ಹಾಕುತ್ತಿದ್ದೆವು. ಇಲ್ಲಿ ಹೀಟರಿನ ಒಣಗಾಳಿಯೇ ಸಾಕು, ಅಗಲವಾದ ತಟ್ಟೆಯಲ್ಲಿ ಹರಡಿ ಒಂದೆರಡು ದಿನ ಬಿಟ್ಟರೆ ಕೊಬ್ಬರಿ ಗರಿಗರಿಯಾಗುತ್ತದೆ, ಬೆಲ್ಲ ಕೈಗೆ ಅಂಟುವುದಿಲ್ಲ. ಹುರಿದ ಕಡಲೆಕಾಯಿ ಬೀಜವನ್ನು ಉಜ್ಜಿ ಸಿಪ್ಪೆ ಊದುವುದನ್ನು ಚಿಕ್ಕವರಿಗೆ ಬಿಡಿ. ಮನೆ ತುಂಬ ಸಿಪ್ಪೆ ಹಾರಲಿ. ಎಳ್ಳು ಚಟಪಟ ಎನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲಷ್ಟೇ ಹುರಿಗಡಲೆಯೊಂದಿಗೆ ಬೆರೆಸಬೇಕು. ಬಿಸಿ ತಾಗಿದರೆ ಬೆಲ್ಲ ಕರಗಿ ಎಲ್ಲ ಮುದ್ದೆಯಾಗುತ್ತದೆ.

ಹಂಚುವಾಗ ಒಂದು ಎಚ್ಚರ ಬೇಕು. ಕಡಲೆಕಾಯಿಯ ಅಲರ್ಜಿ ನಮಗೆಲ್ಲ ಗೊತ್ತು. ಎಳ್ಳು ಕೂಡ 2023ರ ಜನವರಿಯಿಂದ ಅಮೆರಿಕದಲ್ಲಿ ಪೊಟ್ಟಣದ ಮೇಲೆ ಹೆಸರಿಸಲೇಬೇಕಾದ ಒಂಬತ್ತನೆಯ ಅಲರ್ಜಿ ಪದಾರ್ಥ. ನೆರೆಮನೆಗೆ ಎಳ್ಳು ಬೀರುವಾಗ ಒಳಗೇನಿದೆಯೆಂದು ಬರೆದ ಚೀಟಿ ಅಂಟಿಸಿ. ಅಲರ್ಜಿ ಇರುವ ಮನೆಗೆ ಸಕ್ಕರೆ ಅಚ್ಚು, ಕಬ್ಬು ಕೊಟ್ಟರೂ ಹಬ್ಬವೇ.

ಈ ಋತುವಿನಲ್ಲಿ ನಮ್ಮ ಕೂಟದ ಮನೆಗಳೆಲ್ಲ ಒಂದೊಂದು ಘಮ. ಧನುರ್ಮಾಸದ ಹುಗ್ಗಿಗೆ ಸೂರ್ಯೋದಯಕ್ಕೆ ಮುಂಚೆ ಏಳಬೇಕು. ಇಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲಿಗೆ, ಆದ್ದರಿಂದ ಮಕ್ಕಳೂ ಎದ್ದು ಬಿಸಿ ಹುಗ್ಗಿಗೆ ಕೂರಬಹುದು. ಮಂಗಳೂರಿನ ಕ್ರೈಸ್ತ ಕುಟುಂಬಗಳು ಕ್ರಿಸ್ಮಸ್‌ಗೆ ಕುಸ್ವಾರ್ ಎಂಬ ಬಗೆಬಗೆ ತಿಂಡಿಗಳ ಡಬ್ಬಿ ಕಟ್ಟಿ ಕಳಿಸುತ್ತವೆ. ಆ ಡಬ್ಬಿ ತೆರೆದರೆ ಮೊದಲು ಖಾಲಿಯಾಗುವುದು ಕರ್ಜಿಕಾಯಿಯಂಥ ನೆವ್ರಿ, ನಮ್ಮ ಮನೆಯಲ್ಲಂತೂ ಅದಕ್ಕೆ ಪೈಪೋಟಿ. ಧಾರವಾಡ, ಬಿಜಾಪುರದ ಕಡೆಯವರ ಮನೆಗೆ ಹೋದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕೈಗೆ ಕುಸುರೆಳ್ಳು. ಅವರೆಕಾಳಿಲ್ಲ ಎಂದು ಹಳೇ ಮೈಸೂರಿನವರು ಕೊರಗುವುದು ಬೇಡ: ಡೆವಾನ್ ಅವೆನ್ಯೂ ಅಂಗಡಿಗಳ ಫ್ರೀಜರಿನಲ್ಲಿ 'ಸುರ್ತಿ ಪಾಪ್ಡಿ ಲಿಲ್ವಾ' ಹುಡುಕಿ, ಅದು ಅವರೆಯೇ. ಸೊಗಡು ಊರಿನಷ್ಟಿರುವುದಿಲ್ಲ, ನಿಜ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಿತುಕಿದರೆ ಹಿತಕಿದ ಬೇಳೆ ಸಾರಿಗೆ ಸಾಕಷ್ಟಾಗುತ್ತದೆ.

ಸಕ್ಕರೆ ಅಚ್ಚಿನ ಮರದ ಅಚ್ಚುಗಳು ಯಾರ ಮನೆಯ ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಇದ್ದರೂ ದಯವಿಟ್ಟು ತಿಳಿಸಿ. ಹಬ್ಬದ ಹಿಂದಿನ ಶನಿವಾರ ಎಲ್ಲರೂ ಸೇರಿ ಪಾಕ ಹುಯ್ಯೋಣ. ಪಾಕದ ಕೊಳೆ ತೆಗೆಯಲು ಹಾಲು, ಅಚ್ಚು ಬಿಗಿಯಲು ದಾರ ಕೂಟದಿಂದ ಬರುತ್ತದೆ. ಹಿಂದಿನ ರಾತ್ರಿಯೇ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ ತನ್ನಿ.