ಟ್ರೋಲಿಂಗ್ ಬೇರೆ, ಟ್ರಾಲ್ ಬಲೆ ಬೇರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೆನಡಾದ ಲೇಕ್ ಟ್ರೌಟ್ ಮೀನಿನ ಬಗ್ಗೆ ಅರ್ಧ ಪುಟ ಬಂದಿತ್ತು. ಅದನ್ನು ನನಗಿಂತ ಮೊದಲು ಓದಿದ್ದು ಗಂಗೊಳ್ಳಿಯಲ್ಲಿರುವ ನನ್ನ ಅಮ್ಮ. ಓದಿದವಳೇ ಕೆನಡಾದಲ್ಲಿರುವ ನನಗೆ ಫೋನ್ ಮಾಡಿದಳು. "ಅಲ್ಲೂ ಟ್ರಾಲ್ ಬೋಟಾ ಮಗಾ? ನೀನೂ ಅದ್ರಗೇ ಹೋಪ್ದಾ?"

ಅವಳ ಸಿಟ್ಟಿಗೆ ಕಾರಣ ಇದೆ. ನಮ್ಮದು ನಾಡದೋಣಿಯ ಮನೆ. ಟ್ರಾಲ್ ಬೋಟಿನವರು ಬಲೆ ಎಳೆದು ಸಮುದ್ರದ ತಳ ಬಾಚಿಕೊಂಡು ಹೋಗುತ್ತಾರೆ, ಮರಿ ಮೀನೂ ಉಳಿಯುವುದಿಲ್ಲ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಆ ಬೋಟುಗಳು ದಡ ಸೇರಿದಾಗ ಅಪ್ಪಯ್ಯನ ಮುಖದಲ್ಲಿ ಸ್ವಲ್ಪ ನಗು ಕಾಣುತ್ತಿತ್ತು. ನಿಮ್ಮ ಬರಹದಲ್ಲಿ 'ಟ್ರೋಲಿಂಗ್' ಹೋಗಿ 'ಟ್ರಾಲ್ ಬಲೆ ಎಳೆಯುವುದು' ಆಗಿದೆ. ಕೇಳಲು ಒಂದೇ ಥರ ಇದ್ದರೂ ಎರಡಕ್ಕೂ ಸಂಬಂಧ ಇಲ್ಲ. ಟ್ರೋಲಿಂಗ್‌ನಲ್ಲಿ ಬಲೆಯೇ ಇಲ್ಲ. ದೋಣಿ ನಿಧಾನಕ್ಕೆ ಸಾಗುವಾಗ ಅದರ ಹಿಂದೆ ಗಾಳ ಬಿಟ್ಟು ಎಳೆದುಕೊಂಡು ಹೋಗುವುದು, ಅಷ್ಟೇ. ಅಪ್ಪಯ್ಯ ಪಾತಿ ದೋಣಿಯ ಹಿಂದೆ ದಾರ ಬಿಟ್ಟು ಅಂಜಲ್ ಹಿಡಿಯುತ್ತಿದ್ದರಲ್ಲ, ಅದೇ. (ಫೇಸ್‌ಬುಕ್ಕಿನಲ್ಲಿ ಟ್ರೋಲ್ ಮಾಡುವವರದ್ದೂ ಹೆಚ್ಚುಕಡಿಮೆ ಇದೇ ಕೆಲಸ ಬಿಡಿ. ಗಾಳ ಬಿಟ್ಟು ಯಾರು ಕಚ್ಚುತ್ತಾರೆ ಅಂತ ಕಾಯುವುದು.)

ಪದ ತಪ್ಪಿದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಬರಹದ ಕೊನೆಯಲ್ಲಿ ಒಂದು ಸಲಹೆ ಇದೆ. ಈ ಮೀನಿಗೆ ಕಾವೇರಿಯ ಮಹಶೀರ್‌ಗೆ ಬೇಕಾಗುವಂಥ ದಪ್ಪ ರಾಡ್, 30 ಪೌಂಡ್ ಎಳೆತ ತಡೆಯುವ ದಾರ, ಗಾಳವನ್ನು ಆಳಕ್ಕಿಳಿಸುವ ಡೌನ್‌ರಿಗರ್ ಯಂತ್ರ, ಇವಿಲ್ಲದೆ ಆಗುವುದೇ ಇಲ್ಲವಂತೆ. ಓದಲು, ಕೆಲಸಕ್ಕೆ ಅಂತ ಈಗ ಊರಿಂದ ಎಷ್ಟೋ ಹುಡುಗರು ಇಲ್ಲಿಗೆ ಬರುತ್ತಿದ್ದಾರೆ. ಅದನ್ನು ನಂಬಿ ಅಂಗಡಿಗೆ ಹೋದರೆ ಜೇಬು ಖಾಲಿ. ನನ್ನದು ಒಮ್ಮೆ ಖಾಲಿಯಾಗಿದೆ.

ನಾನಿರುವುದು ಒಂಟಾರಿಯೊದ ಬ್ಯಾರಿ ಎಂಬ ಊರಲ್ಲಿ. ಕರಾವಳಿಯವರಿಗೆ ಹೆಸರು ಕೇಳಿ ನಗು ಬರಬಹುದು, ಏನು ಮಾಡುವುದು, ಊರಿನ ಹೆಸರೇ ಅದು. ಪಕ್ಕದಲ್ಲೇ ಸಿಮ್ಕೋ ಸರೋವರ. 722 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟು ನೀರು. ಅತಿ ಆಳದಲ್ಲಿ 41 ಮೀಟರ್. ಟೊರಾಂಟೊದಿಂದ ಒಂದು ಗಂಟೆಯ ದಾರಿ. ಇಲ್ಲಿಗೆ ಬಂದ ಎರಡನೇ ವರ್ಷ 14 ಅಡಿಯ ಹಳೇ ಅಲ್ಯುಮಿನಿಯಂ ದೋಣಿಯೊಂದು ಅಗ್ಗಕ್ಕೆ ಸಿಕ್ಕಿತು. ಅದನ್ನು ತಗೊಂಡು, ಗಾಳದ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯವರು ಒಳ್ಳೆಯವರೇ. ಆದರೆ ನನ್ನ ದೋಣಿ ಎಷ್ಟು ದೊಡ್ಡದು ಅಂತ ಕೇಳಲಿಲ್ಲ. ಡೌನ್‌ರಿಗರ್ ಕೊಟ್ಟರು. ಅದೊಂದು ರಾಟೆ ಇದ್ದಂತೆ. ಉಕ್ಕಿನ ತಂತಿಯ ತುದಿಯಲ್ಲಿ 10 ಪೌಂಡಿನ ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಕ್ಲಿಪ್, ಆ ಕ್ಲಿಪ್ಪಿಗೆ ಗಾಳದ ದಾರ ಸಿಕ್ಕಿಸಿ ಕೆಳಗಿಳಿಸುವುದು. ಮೀನು ಕಚ್ಚಿದರೆ ದಾರ ಕ್ಲಿಪ್ಪಿಂದ ಬಿಟ್ಟುಕೊಳ್ಳಬೇಕು. ಜೊತೆಗೆ ಹೆಬ್ಬೆರಳು ದಪ್ಪದ ರಾಡು, ಬಾವಿಯಿಂದ ಕೊಡ ಎತ್ತಬಹುದಾದ ರೀಲು, 30 ಪೌಂಡಿನ ದಾರ. ಎಲ್ಲ ಸೇರಿ 400 ಡಾಲರ್ ದಾಟಿತು.

ಜುಲೈ ತಿಂಗಳ ಒಂದು ಬೆಳಿಗ್ಗೆ. ಗುಂಡನ್ನು 70 ಅಡಿಗೆ ಇಳಿಸಿ ಮೋಟಾರು ಹಾಕಿಕೊಂಡು ಸುತ್ತಿದೆ. ಅರ್ಧ ಗಂಟೆ ಏನೂ ಇಲ್ಲ. ರಾಡ್ ತುದಿ ಅಲ್ಲಾಡಲೂ ಇಲ್ಲ. ಜಾಗ ಬದಲಿಸೋಣ ಅಂತ ಎಲ್ಲ ಮೇಲೆತ್ತಿದರೆ, ಗಾಳದಲ್ಲಿ ಒಂದು ಗೇಣು ಉದ್ದದ ಲೇಕ್ ಟ್ರೌಟ್. ಬಾಯಿ ತೆರೆದುಕೊಂಡೇ ಸತ್ತಿತ್ತು. ಯಾವಾಗ ಕಚ್ಚಿತೋ ಗೊತ್ತಿಲ್ಲ. ಕ್ಲಿಪ್ ಬಿಗಿಯಾಗಿತ್ತು, ಅದನ್ನು ಬಿಡಿಸುವ ಶಕ್ತಿ ಆ ಮರಿಗೆ ಎಲ್ಲಿಂದ ಬರಬೇಕು? ಅದರ ಬಾಯಿಗೆ ನೀರು ನುಗ್ಗಿಸುತ್ತಾ ನಾನೇ ಅದನ್ನು ಸರೋವರದ ಉದ್ದಕ್ಕೂ ಎಳೆದಾಡಿದ್ದೆ. ಬೂದು ಹಸಿರು ಮೈ, ಮೇಲೆಲ್ಲ ಅಕ್ಕಿ ಎರಚಿದಂತೆ ತಿಳಿ ಚುಕ್ಕಿ, ಕೆಳಗಿನ ರೆಕ್ಕೆಗಳ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಬಿಳಿ. ಕೈಯಲ್ಲಿ ಹಿಡಿದು ಕೂತೆ. "ಮೀನ್ ಕಚ್ಚದ್ದ್ ಬೆರ್ಳಿಗ್ ಗೊತ್ತಾಯ್ಕ್" ಅಂತ ಅಪ್ಪಯ್ಯ ಹೇಳುತ್ತಿದ್ದರು. ನನ್ನ ಬೆರಳಿಗೆ ಗೊತ್ತಾಗದಂತೆ ನಾನೇ 400 ಡಾಲರ್ ಕೊಟ್ಟು ಏರ್ಪಾಡು ಮಾಡಿಕೊಂಡಿದ್ದೆ.

ಮಹಶೀರ್ ಹೋಲಿಕೆ ಯಾಕೆ ಸರಿಯಲ್ಲ ಅಂದರೆ, ಅದು ಹೊಳೆಯ ಮೀನು. ಕಾವೇರಿಯ ಸೆಳೆತ, ಬಂಡೆ ಸಂದಿ, ಮುಳುಗಿದ ಮರ. ಒಮ್ಮೆ ಬಂಡೆಯ ಹಿಂದೆ ಹೋಯಿತೋ, ದಾರ ತುಂಡು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್ ಇತ್ತು. ಅಂಥದ್ದಕ್ಕೆ ಹಗ್ಗದಂಥ ದಾರ ಬೇಕು, ಒಪ್ಪುತ್ತೇನೆ. ಲೇಕ್ ಟ್ರೌಟ್ ಓಡುವುದು ಬಯಲು ನೀರಲ್ಲಿ. ಸಿಕ್ಕಿಹಾಕಿಕೊಳ್ಳಲು ಅಲ್ಲಿ ಬಂಡೆಯೂ ಇಲ್ಲ, ಸೆಳೆತವೂ ಇಲ್ಲ. ಓಡಲು ಬಿಡಿ, ಎಷ್ಟು ದೂರ ಹೋಗುತ್ತದೆ? ದೋಣಿಯೂ ಅದರ ಹಿಂದೆ ಹೋಗಬಹುದಲ್ವಾ? ನಮಗೆ ಇಲ್ಲಿ ಸಾಮಾನ್ಯವಾಗಿ ಸಿಗುವುದು ಮೂರರಿಂದ ಎಂಟು ಪೌಂಡಿನದು. ಅದಕ್ಕೆ 8 ಪೌಂಡಿನ ದಾರ ಧಾರಾಳ ಸಾಕು.

ಹಾಗಾದರೆ ಇಷ್ಟೆಲ್ಲ ಭಾರ ಯಾಕೆ ಬಂತು? ಮೀನಿನ ಬಲಕ್ಕಲ್ಲ, ನೀರಿನ ಆಳಕ್ಕೆ. ಈ ಮೀನಿಗೆ ಸುಮಾರು 10 ಡಿಗ್ರಿ ತಂಪಿನ ನೀರು ಬೇಕು. ವಸಂತದಲ್ಲಿ ಹಿಮ ಕರಗಿದ ಹೊಸತರಲ್ಲಿ ಸರೋವರವೆಲ್ಲ ತಣ್ಣಗಿರುತ್ತದೆ, ಆಗ ಮೇಲೇ ಓಡಾಡಿಕೊಂಡಿರುತ್ತದೆ. ಬೇಸಿಗೆ ಏರಿದ ಹಾಗೆ ಕೆಳಗಿಳಿಯುತ್ತದೆ. ಅದು ಇರುವಲ್ಲಿಗೆ ಗಾಳ ಮುಟ್ಟಿಸಬೇಕು, ಸಮಸ್ಯೆ ಅಷ್ಟೇ. ಇಲ್ಲೊಂದು ತಮಾಷೆ ಇದೆ. ದಾರ ದಪ್ಪವಾದಷ್ಟೂ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಕೆಳಗಿಳಿಸಲು ಇನ್ನೂ ಭಾರ ಕಟ್ಟಬೇಕು. ಭಾರ ಹೆಚ್ಚಾದರೆ ರಾಡು ದಪ್ಪ ಬೇಕು. ತೆಳ್ಳಗಿನ ದಾರ ಹಾಕಿ, ನಿಧಾನ ಹೋದರೆ ಈ ಸರಪಳಿಯೇ ಬೇಡ.

ಈಗ ನನ್ನ ಹತ್ತಿರ ಇರುವುದು ಒಂದು ಏಳೂವರೆ ಅಡಿಯ ಹಗುರ ರಾಡು. ತುದಿ ಬಿದಿರು ಸಿಬಿರಿನ ಹಾಗೆ ಬಳುಕುತ್ತದೆ. ಸಣ್ಣ ರೀಲು, ಅದರ ಮೇಲೆ ಎಷ್ಟು ಅಡಿ ದಾರ ಬಿಟ್ಟೆ ಅಂತ ತೋರಿಸುವ ಮೀಟರು. ಈ ಮೀಟರಿಗೆ ಮಾತ್ರ ಜಿಪುಣತನ ಮಾಡಬೇಡಿ. ಒಮ್ಮೆ ಕಚ್ಚಿದ ಆಳಕ್ಕೆ ಮತ್ತೆ ಗಾಳ ಕಳಿಸಲು ಅದು ಬೇಕೇ ಬೇಕು. ರೀಲಿನಲ್ಲಿ 18 ಪೌಂಡಿನ ಲೆಡ್‌ಕೋರ್. ಇದು ನೇಯ್ದ ದಾರ, ಒಳಗೆ ಸಣ್ಣ ಸೀಸದ ಎಳೆ. ಬೇರೆ ಗುಂಡು ಬೇಡ, ದಾರವೇ ಮುಳುಗುತ್ತದೆ. ಪ್ರತಿ 30 ಅಡಿಗೆ ಬಣ್ಣ ಬದಲಾಗುತ್ತದೆ. ನಿಧಾನಕ್ಕೆ ಹೋದರೆ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ ಅಂತ ಲೆಕ್ಕ. ಆರು ಬಣ್ಣ ಬಿಟ್ಟರೆ 30 ಅಡಿ. ನನ್ನ ಮಗಳು ಆರು ವರ್ಷದವಳಿದ್ದಾಗ ಬಣ್ಣ ಎಣಿಸುವ ಕೆಲಸ ಅವಳದ್ದಾಗಿತ್ತು. ಲೆಡ್‌ಕೋರ್ ತುದಿಗೆ 20 ಅಡಿ ಫ್ಲೋರೋಕಾರ್ಬನ್ ದಾರ, 8 ಪೌಂಡಿನದು. ನೀರಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಇಷ್ಟಕ್ಕೆ 200 ಡಾಲರ್ ಒಳಗೇ ಆಯಿತು.

50 ಅಡಿಗಿಂತ ಕೆಳಗೆ ಹೋಗಬೇಕಾದರೆ ಲೆಡ್‌ಕೋರ್ ನಂಬಿ ಕೂರುವುದಿಲ್ಲ. ಮೂರು ಕಣ್ಣಿನ ಒಂದು ಸಣ್ಣ ತಿರುಗಣಿ ಸಿಗುತ್ತದೆ. ಒಂದು ಕಣ್ಣಿಗೆ ರೀಲಿನ ದಾರ, ಇನ್ನೊಂದಕ್ಕೆ ಮೊಳ ಉದ್ದದ ದಾರದಲ್ಲಿ ನೂರು ಗ್ರಾಂ ತೂಕ, ಮೂರನೆಯದಕ್ಕೆ ಗಾಳ. ತೂಕ ತಳಕ್ಕೆ ಆಗಾಗ ಟಕ್ ಅಂತ ತಾಗಬೇಕು. ಬೆರಳಿಗೆ ಗೊತ್ತಾಗುತ್ತದೆ, ಕಲ್ಲೋ ಮಣ್ಣೋ ಅಂತ ಕೂಡ.

ಗಾಳಕ್ಕೆ ಎರೆ ಅಲ್ಲ, ಸ್ಪೂನ್. ನಿಜಕ್ಕೂ ಹಿಡಿ ಮುರಿದ ಚಮಚದ ಹಾಗೇ ಇರುತ್ತದೆ. ಸಿಮ್ಕೋದ ಹಳಬರು ಸಟ್ಟನ್ ಸ್ಪೂನ್ ಎನ್ನುವ ಬೆಳ್ಳಿ ಬಣ್ಣದ ತೆಳು ತಗಡನ್ನು ಇಷ್ಟಪಡುತ್ತಾರೆ. ಎಷ್ಟು ತೆಳು ಅಂದರೆ ಹೆಬ್ಬೆರಳಲ್ಲಿ ಒತ್ತಿದರೆ ಬಾಗುತ್ತದೆ, ಎಸೆದರೆ ಗಾಳಿಗೆ ಹಾರಿ ವಾಪಸ್ ಬರುತ್ತದೆ. ದೋಣಿ ಹಿಂದೆ ಎಳೆಯಲು ಮಾತ್ರ ಅದು. ಸ್ವಲ್ಪ ಬಗ್ಗಿಸಿ, ದೋಣಿಯ ಪಕ್ಕ ನೀರಲ್ಲಿ ಎಳೆದು ನೋಡಿ. ಗಾಯಗೊಂಡ ಸಣ್ಣ ಮೀನಿನ ಹಾಗೆ ಆಚೆ ಈಚೆ ಹೊರಳಬೇಕು. ಬುಗುರಿ ಥರ ಗರಗರ ತಿರುಗಿದರೆ ತಪ್ಪು, ದಾರವೆಲ್ಲ ಹುರಿಗಟ್ಟುತ್ತದೆ. ಇಂಥ ಸ್ಪೂನನ್ನು 30 ಪೌಂಡಿನ ದಾರಕ್ಕೆ ಕಟ್ಟಿ ನೋಡಿ, ಹಗ್ಗ ಕಟ್ಟಿದ ಕರುವಿನ ಹಾಗೆ ನಿಂತೇ ಬಿಡುತ್ತದೆ. ಹಗುರ ಸಾಮಾನು ಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ.

ವೇಗದ ಮಾತು. ಗಂಟೆಗೆ ಎರಡೂವರೆ, ಮೂರು ಕಿಲೋಮೀಟರ್. ಊಟ ಆದ ಮೇಲೆ ಅಡ್ಡಾಡುವ ನಡಿಗೆ. ನನ್ನ ಮೋಟಾರು ಅಷ್ಟು ನಿಧಾನಕ್ಕೆ ಓಡುವುದೇ ಇಲ್ಲ. ಹಾಗಾಗಿ ಅದನ್ನು ಎತ್ತಿಟ್ಟು ಹುಟ್ಟು ಹಾಕುತ್ತೇನೆ. ಹುಟ್ಟು ಎಳೆದಾಗ ಸ್ಪೂನ್ ಮೇಲೇಳುತ್ತದೆ, ಬಿಟ್ಟಾಗ ಹೊರಳುತ್ತಾ ಇಳಿಯುತ್ತದೆ. ಮೀನು ಕಚ್ಚುವುದು ಹೆಚ್ಚಾಗಿ ಆ ಇಳಿಯುವ ಹೊತ್ತಿಗೆ. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ಪೆಟ್ರೋಲ್ ಮುಗಿದು ಹುಟ್ಟು ಹಾಕಿಕೊಂಡು ವಾಪಸ್ ಬರುವಾಗ ಎರಡು ಮೀನು ಕಚ್ಚಿದವು, ಆಗ ತಿಳಿಯಿತು.

ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡಲು ರೀಲಿನ ಬಿಗಿ ಎಷ್ಟಿರಬೇಕು ಅಂತ ಹೊಸಬರು ಕೇಳುತ್ತಾರೆ. ದಾರದ ತಾಕತ್ತಿನ ಕಾಲುಭಾಗ. ಅಳೆಯಲು ತಕ್ಕಡಿ ಬೇಡ. ಒಂದು ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ತೂಗುಬಿಡಿ. ಒಂದು ಕೆಜಿ, ಅಂದರೆ ಎರಡು ಪೌಂಡ್ ಚಿಲ್ಲರೆ. ಬಾಟಲಿ ನಿಧಾನಕ್ಕೆ ಕೆಳಗೆ ಜಾರಿದರೆ ಸರಿ. ಜಾರದೆ ನಿಂತರೆ ಸಡಿಲ ಮಾಡಿ.

ಹಗುರ ಅಂತ ಇನ್ನೂ ಹಗುರಕ್ಕೆ ಹೋಗಿ 4 ಪೌಂಡಿನ ದಾರ ಹಾಕುವವರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಮೀನನ್ನು ಅರ್ಧ ಗಂಟೆ ಆಡಿಸಬೇಕಾಗುತ್ತದೆ. ಆಗಸ್ಟಿನಲ್ಲಿ ಮೇಲಿನ ನೀರು 20 ಡಿಗ್ರಿ ದಾಟಿರುತ್ತದೆ. ತಳದ ತಂಪಿನಿಂದ ಬಂದು, ಸುಸ್ತಾಗಿ, ಬಿಸಿ ನೀರಲ್ಲಿ ಬಿಟ್ಟ ಮೀನು ಈಜಿಕೊಂಡು ಹೋದಂತೆ ಕಂಡರೂ ಬದುಕುವುದು ಕಷ್ಟ. ಈ ಮೀನು ಬೆಳೆಯುವುದೂ ತುಂಬ ನಿಧಾನ. ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಐದಾರು ವರ್ಷ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ನಾನು ಆಗಸ್ಟಿನಲ್ಲಿ ಹಿಡಿದು ಬಿಡುವ ಆಟ ಆಡುವುದಿಲ್ಲ. ಒಂದು ಸಿಕ್ಕಿದರೆ ಮನೆಗೆ, ಗಾಳ ಒಳಗೆ. ಒಂಟಾರಿಯೊದಲ್ಲಿ ಯಾವ ಸರೋವರದ ಯಾವ ಮೀನು, ಎಷ್ಟು ಉದ್ದದ್ದು, ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಸರ್ಕಾರವೇ ಪಟ್ಟಿ ಕೊಡುತ್ತದೆ. ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ. ಸಣ್ಣದೇ ರುಚಿ, ಕೊಬ್ಬಿರುವುದರಿಂದ ಕಾವಲಿಗೆ ಎಣ್ಣೆಯೂ ಕಡಿಮೆ ಸಾಕು.

ನಿಮ್ಮ ಚಿತ್ರದಲ್ಲಿ ಒಂದು ಬಿಳಿ ದೊಡ್ಡ ಬೋಟು, ಹಿಂದೆ ಹತ್ತು ಹನ್ನೆರಡು ರಾಡು ಮುಳ್ಳುಹಂದಿಯ ಹಾಗೆ ನಿಂತಿವೆ. ಅದು ಒಂಟಾರಿಯೊ ಸರೋವರದಂಥ ಮಹಾ ಸರೋವರಗಳಲ್ಲಿ ಬಾಡಿಗೆಗೆ ಕರೆದುಕೊಂಡು ಹೋಗುವವರ ಬೋಟು. ಅಲ್ಲಿ ಸಾಲ್ಮನ್ ಹಿಡಿಯುತ್ತಾರೆ, ಡೌನ್‌ರಿಗರ್ ಬೇಕಾಗುತ್ತದೆ, ಅದು ಬೇರೆಯೇ ಲೋಕ. ಸಿಮ್ಕೋದಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ, ಕಾನೂನೇ ಹಾಗೆ. ಲೈಸೆನ್ಸ್ ಬೇರೆ ಬೇಕು. 65 ದಾಟಿದ ಇಲ್ಲಿನ ನಿವಾಸಿಗಳು ವಯಸ್ಸಿನ ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಸೀಸದ ವಿಷಯ ಕೂಡ ನೋಡಿಕೊಳ್ಳಿ. ಇಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆ ತೂಕದ ಸೀಸದ ಗುಂಡು ಬಳಸುವಂತಿಲ್ಲ. ಲೂನ್ ಹಕ್ಕಿಗಳು ಕಲ್ಲೆಂದುಕೊಂಡು ನುಂಗಿ ಸಾಯುತ್ತವೆ. ಒಂದು ಡಾಲರ್ ನಾಣ್ಯದ ಮೇಲೆ ಇರುವ ಹಕ್ಕಿ ಅದು. ನನ್ನ ನೂರು ಗ್ರಾಂ ತೂಕ ಉಕ್ಕಿನದು. ಲೆಡ್‌ಕೋರಿನೊಳಗೆ ಸೀಸ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ತುಂಡಾದರೆ ಒಂದಡಿಯೂ ನೀರಲ್ಲಿ ಬಿಡದೆ ಸುತ್ತಿ ತರುತ್ತೇನೆ, ಅಷ್ಟು ಮಾಡಬಲ್ಲೆ.

ಹಳೇ ಡೌನ್‌ರಿಗರ್ ಗ್ಯಾರೇಜಿನಲ್ಲಿದೆ. ಗುಂಡನ್ನು ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಇಟ್ಟಿದ್ದೇವೆ.

ಮುಂದಿನ ವಾರ ತಿದ್ದುಪಡಿ ಹಾಕುವುದಾದರೆ 'ಟ್ರಾಲ್ ಬಲೆ' ಎಂಬುದನ್ನು ತೆಗೆದು 'ದೋಣಿಯ ಹಿಂದೆ ಗಾಳ ಎಳೆಯುವುದು' ಅಂತ ಹಾಕಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿದರೆ ಒಳ್ಳೆಯದು. ಅಮ್ಮನ ಕನ್ನಡಕ ಹಳೆಯದು, ನಾನು ಫೋನಿನಲ್ಲಿ ಎಷ್ಟು ಹೇಳಿದರೂ ಪೇಪರಿನಲ್ಲಿ ಬಂದದ್ದನ್ನೇ ಅವಳು ನಂಬುವುದು.

ಇಂತಿ,
ಗಂಗೊಳ್ಳಿ ಮೂಲದ ಓದುಗ
ಬ್ಯಾರಿ, ಒಂಟಾರಿಯೊ, ಕೆನಡಾ